ಜತಿಲುವಿಹ್‌ನಲ್ಲಿ ಗುಂಟೆಗೆಷ್ಟು?

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾಗಿದ್ದು 2024ರ ಮಾರ್ಚ್ ಕೊನೆಯಲ್ಲಿ. ಅಲ್ಲಿಂದೀಚೆಗೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗಿದೆ. ‘ಮೇಡಂ, ಅಲ್ಲಿ ಸಸ್ಯಾಹಾರ ಸಿಗುತ್ತದಾ, ಐದು ದಿನ ಸಾಕಾ’ ಎಂದು ಕೇಳುತ್ತಿದ್ದವರು ಈಗ ‘ಅಲ್ಲೊಂದು ಜಾಗ ಮಾಡಿಕೊಳ್ಳಬಹುದಾ’ ಎಂದು ಕೇಳುತ್ತಿದ್ದಾರೆ. ಹೋದ ತಿಂಗಳು ದಾವಣಗೆರೆಯ ಓದುಗರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಜಾಹೀರಾತು ಕಳಿಸಿದರು. ಬ್ಯಾಂಕಿನಿಂದ ನಿವೃತ್ತರಾದವರು. ಕೈಯಲ್ಲಿ ಒಂದಷ್ಟು ಗಂಟಿದೆ, ಮಗಳು ಸಿಂಗಪುರದಲ್ಲಿದ್ದಾಳೆ. ಚಿತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು ಗದ್ದೆ, ಹಿಂದೆ ಮಂಜು ಹೊದ್ದ ಬೆಟ್ಟ, ಮುಂದೆ ಸಣ್ಣ ಈಜುಕೊಳವಿರುವ ಮರದ ಮನೆ. ಊರಿನ ಹೆಸರು ಜತಿಲುವಿಹ್. ಅವರ ಪ್ರಶ್ನೆ ಮೂರೇ ಮೂರು. ಜಾಗ ನಮ್ಮ ಹೆಸರಿಗೆ ಆಗುತ್ತದಾ? ಊರು ಸುರಕ್ಷಿತವಾ? ಮುಂದೆ ಪ್ರವಾಸಿಗರು ಬಂದು ನಾಲ್ಕು ಕಾಸು ಬಾಡಿಗೆ ಹುಟ್ಟುತ್ತದಾ?

ಆ ಊರಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಎಲ್ಲರಂತೆ ಬೆಳಿಗ್ಗೆ ಹೋಗಿ ಊಟ ಮುಗಿಸಿ ಬಂದಿದ್ದೆ. ಎರಡನೇ ಸಲ ಒಬ್ಬ ರೈತರ ಮನೆಯಲ್ಲಿ ಮೂರು ರಾತ್ರಿ ಉಳಿದೆ. ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದು ಆ ಮೂರು ದಿನದಲ್ಲಿ ಕಂಡದ್ದು, ಆಮೇಲೆ ಕೇಳಿ ಓದಿ ತಿಳಿದದ್ದು. ಮೂರೂ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡಬೇಕು ಅಂತಲೇ ಕೂತೆ. ಬರೆಯುತ್ತಾ ಹೋದಂತೆ ಮೂರೂ ಒಂದೇ ಕಡೆಗೆ, ಗದ್ದೆಗೆ ಹರಿಯುವ ನೀರಿನ ಹತ್ತಿರಕ್ಕೆ ಬಂದು ನಿಂತವು.

ಜತಿಲುವಿಹ್ ಇರುವುದು ಬಾಲಿಯ ತಬಾನನ್ ಜಿಲ್ಲೆಯ ಪೆನೆಬೆಲ್ ತಾಲ್ಲೂಕಿನಲ್ಲಿ, ಬಾತುಕಾರು ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ ಅನ್ನುತ್ತಾರೆ, ದಕ್ಷಿಣ ಬಾಲಿಯ ವಾಹನ ದಟ್ಟಣೆಯಲ್ಲಿ ಮೂರೂ ಆಗಬಹುದು. ತಬಾನನ್ ಪಟ್ಟಣ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಗದ್ದೆ ತೆರೆದುಕೊಳ್ಳುತ್ತದೆ. ಒಂದೊಂದು ಮಡಿಯೂ ಒಂದೊಂದು ಆಕಾರ. ಗುಡ್ಡ ಹೇಗೆ ಬಾಗಿದೆಯೋ ಬದು ಹಾಗೆ ಬಾಗಿದೆ. ಯಂತ್ರ ಇಳಿಸಿ ನೇರ ಮಾಡಿದ್ದು ಎಲ್ಲೂ ಇಲ್ಲ. ‘ಸುಬಾಕ್’ ಎಂಬ ನೀರಾವರಿ ಪದ್ಧತಿಯ ಹೆಸರಿನಲ್ಲಿ 2012ರಲ್ಲಿ ಯುನೆಸ್ಕೊ ಬಾಲಿಯ ಐದು ತಾಣಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಐದೂ ಸೇರಿ 19,500 ಹೆಕ್ಟೇರ್. ಬಾತುಕಾರು ಇಳಿಜಾರು ಅವುಗಳಲ್ಲೊಂದು, ಜತಿಲುವಿಹ್ ಅದರ ಮುಖ.

ಸುಬಾಕ್ ಅಂದರೆ ಕಾಲುವೆ ಅಷ್ಟೇ ಅಲ್ಲ. ಒಂದೇ ನೀರಿನ ಮೂಲದಿಂದ ಗದ್ದೆಗೆ ನೀರು ಹಾಯಿಸುವ ಎಲ್ಲ ರೈತರ ಕೂಟ ಅದು. ಬಾಲಿಯ 11ನೇ ಶತಮಾನದ ಶಾಸನದಲ್ಲೇ ಅದರ ಹೆಸರು ಬರುತ್ತದೆ. ಕೂಟಕ್ಕೆ ತನ್ನದೇ ಕಟ್ಟಳೆ ಉಂಟು, ಅದನ್ನು ‘ಅವಿಗ್-ಅವಿಗ್’ ಎನ್ನುತ್ತಾರೆ. ತನ್ನದೇ ದೇವಸ್ಥಾನವುಂಟು. ‘ಪೆಕಾಸೆ’ ಎಂಬ ಮುಖ್ಯಸ್ಥನುಂಟು. ನಮ್ಮ ಕೆರೆ ಬಯಲಿನ ನೀರಗಂಟಿಯನ್ನು ಬಲ್ಲವರಿಗೆ ಪೆಕಾಸೆ ಅರ್ಥವಾಗುತ್ತಾನೆ. ವ್ಯತ್ಯಾಸ ಏನೆಂದರೆ ನೀರಗಂಟಿ ಊರಿನ ಕೆಲಸಕ್ಕೆ ನಿಂತವನು, ಪೆಕಾಸೆ ರೈತರೇ ತಮ್ಮೊಳಗಿಂದ ಆರಿಸಿಕೊಂಡವನು. ಯಾವಾಗ ಸಸಿಮಡಿ ಹಾಕಬೇಕು, ಯಾವ ಭಾಗಕ್ಕೆ ಯಾವ ವಾರ ನೀರು, ಯಾವಾಗ ಗದ್ದೆ ಒಣಗಲು ಬಿಡಬೇಕು ಎಂಬುದೆಲ್ಲ ಕೂಟದಲ್ಲಿ ಕೂತು ತೀರ್ಮಾನವಾಗುತ್ತದೆ.

ನಾನು ಉಳಿದಿದ್ದ ಮನೆಯ ಯಜಮಾನರಿಗೆ ಅರವತ್ತು ದಾಟಿರಬೇಕು. ಅವರನ್ನು ನಾನು ‘ಪಾಕ್’ ಎನ್ನುತ್ತಿದ್ದೆ, ಅವರು ನನ್ನನ್ನು ‘ಇಬು’ ಎನ್ನುತ್ತಿದ್ದರು. ಅಲ್ಲಿ ಹಿರಿಯರನ್ನು ಮಾತಾಡಿಸುವ ರೀತಿ ಅದು, ಅಪ್ಪ ಅಮ್ಮ ಎಂದ ಹಾಗೆ. ಮೊದಲ ದಿನ ಬೆಳಿಗ್ಗೆ ಅವರು ನನ್ನನ್ನು ಬದುವಿನ ಮೇಲೆ ನಡೆಸಿಕೊಂಡು ಕಾಲುವೆಯ ಒಂದು ಕವಲಿಗೆ ಕರೆದೊಯ್ದರು. ಅಲ್ಲಿ ನೀರಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಹಾಕಿತ್ತು. ದಿಮ್ಮಿಯಲ್ಲಿ ಮೂರು ಕಚ್ಚು. ಎರಡು ಅಗಲ, ಒಂದು ಕಿರಿದು. ನೀರು ಮೂರು ಕಚ್ಚುಗಳಲ್ಲಿ ಮೂರು ಪಾಲಾಗಿ ಸದ್ದಿಲ್ಲದೆ ಇಳಿಯುತ್ತಿತ್ತು. ಇದಕ್ಕೆ ‘ತೆಂಬುಕು’ ಎಂದು ಹೆಸರು. ಕಚ್ಚಿನ ಅಗಲವೇ ಪಾಲಿನ ಅಳತೆ. ನೀರು ಹೆಚ್ಚಿದ್ದರೆ ಎಲ್ಲರಿಗೂ ಹೆಚ್ಚು, ಕಡಿಮೆಯಿದ್ದರೆ ಎಲ್ಲರಿಗೂ ಕಡಿಮೆ. ಮೀಟರ್ ಇಲ್ಲ, ಬೀಗ ಇಲ್ಲ. ಕಿರಿದಾದ ಕಚ್ಚಿನಲ್ಲಿ ಒಂದು ಎಲೆ ಸಿಕ್ಕಿಕೊಂಡು ನೀರು ತಡೆಯುತ್ತಿತ್ತು. ಪಾಕ್ ಬಗ್ಗಿ ಅದನ್ನು ತೆಗೆದರು. ‘ಇದು ನಿಮ್ಮ ಗದ್ದೆಯ ನೀರಾ?’ ಎಂದು ಕೇಳಿದೆ. ಅಲ್ಲವಂತೆ. ಕೆಳಗಿನವರದು.

ಆ ದಿಮ್ಮಿಯ ಪಕ್ಕದಲ್ಲೇ ಬಿದಿರಿನ ಪುಟ್ಟ ಗುಡಿ, ಒಳಗೆ ಬಾಳೆಲೆಯ ಚೂರಿನಲ್ಲಿ ಒಂದು ಹಿಡಿ ಅನ್ನ, ಹೂವು. ಗದ್ದೆಗೆ ನೀರು ಬರುವ ಕಂಡಿಯ ಹತ್ತಿರ ಪ್ರತಿಯೊಬ್ಬರೂ ಹೀಗೆ ಭತ್ತದ ದೇವಿ ಶ್ರೀಗೆ ಎಡೆ ಇಡುತ್ತಾರೆ. ನೀರಿಗೂ ದೇವರಿಗೂ ಇರುವ ಈ ನಂಟನ್ನು ಹೊರಗಿನವರು ಬಹುಕಾಲ ಬರೀ ಆಚಾರ ಅಂದುಕೊಂಡರು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ತಳಿಗಳು ಬಂದಾಗ ಸುಬಾಕ್‌ನ ಪಂಚಾಂಗ ಬದಿಗಿಟ್ಟು ಆದಷ್ಟು ಬೆಳೆ ಮೇಲೆ ಬೆಳೆ ತೆಗೆಯಿರಿ ಎಂದು ಸರ್ಕಾರ ಹೇಳಿತು. ರೈತರು ತಮಗೆ ತೋಚಿದಾಗ ನಾಟಿ ಮಾಡಿದರು. ಒಂದು ಕಡೆ ನೀರಿಗೆ ಜಗಳ, ಇನ್ನೊಂದು ಕಡೆ ಹುಳುವಿನ ಕಾಟ. ಸುತ್ತಲ ಗದ್ದೆಗಳೆಲ್ಲ ಒಟ್ಟಿಗೆ ಒಣಗಿದರೆ ಹುಳುವಿಗೆ ನೆಲೆ ತಪ್ಪುತ್ತದೆ. ಒಂದಲ್ಲ ಒಂದು ಕಡೆ ಹಸಿರಿದ್ದರೆ ಅದು ಗದ್ದೆಯಿಂದ ಗದ್ದೆಗೆ ಹೋಗಿ ಬದುಕಿಕೊಳ್ಳುತ್ತದೆ. ನೀರಿನ ದೇವಸ್ಥಾನಗಳ ಪಂಚಾಂಗ ಮಾಡುತ್ತಿದ್ದ ಕೆಲಸ ಇದೇ ಎಂದು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಆಮೇಲೆ ಕಂಪ್ಯೂಟರ್ ಲೆಕ್ಕ ಹಾಕಿಯೇ ತೋರಿಸಿದರು. ಜಾಗದ ಬಗ್ಗೆ ಕೇಳಿದವರಿಗೆ ಈ ಕತೆ ಯಾಕೆ ಅನಿಸಬಹುದು. ಮಾರಾಟಕ್ಕಿಟ್ಟ ಆ ಚಿತ್ರ ಉಳಿದಿರುವುದೇ ಈ ಕೂಟದಿಂದ, ಅದಕ್ಕೇ ಹೇಳಿದೆ.

ಈಗ ಜಾಗದ ವಿಚಾರ. ಬಾಲಿಯಲ್ಲಿ ನೆಲ ಅಳೆಯುವುದು ‘ಆರೆ’ ಲೆಕ್ಕದಲ್ಲಿ. ಒಂದು ಆರೆ ಅಂದರೆ ನೂರು ಚದರ ಮೀಟರ್. ನಮ್ಮ ಗುಂಟೆ ನೂರಾ ಒಂದು ಚದರ ಮೀಟರ್. ಅಂದರೆ ಹೆಚ್ಚು ಕಡಿಮೆ ಒಂದೇ. ಹಾಗಾಗಿ ದಲ್ಲಾಳಿ ‘ಆರೆಗೆ ಇಷ್ಟು’ ಎಂದ ಕೂಡಲೇ ನಮ್ಮವರ ತಲೆಯಲ್ಲಿ ಗುಂಟೆ ಲೆಕ್ಕ ಓಡುತ್ತದೆ, ಬೆಂಗಳೂರಿನ ಹೊರವಲಯಕ್ಕೆ ಹೋಲಿಸಿದರೆ ಅಗ್ಗ ಎಂಬ ಮಾತೂ ಬಾಯಿಗೆ ಬರುತ್ತದೆ. ಆದರೆ ಆ ದರ ಎಷ್ಟೋ ಸಲ ವರ್ಷಕ್ಕೆ ಇಷ್ಟು ಎಂದು ಹೇಳಿದ್ದಾಗಿರುತ್ತದೆ. ಅದು ಕ್ರಯದ ದರವಲ್ಲ, ಗುತ್ತಿಗೆಯ ದರ. ಇಪ್ಪತ್ತೈದು ಮೂವತ್ತು ವರ್ಷದ ಹಣವನ್ನು ಒಂದೇ ಗಂಟಿನಲ್ಲಿ ಮೊದಲೇ ಕಟ್ಟಬೇಕು. ಅವಧಿ ಮುಗಿದ ದಿನ ನೆಲ ಮಾಲೀಕನದು, ಸಾಮಾನ್ಯವಾಗಿ ಅದರ ಮೇಲೆ ನೀವು ಕಟ್ಟಿದ ಮನೆಯೂ ಅವನದೇ.

ಹೆಸರಿಗೆ ಮಾಡಿಸಿಕೊಳ್ಳಲು ಯಾಕಾಗದು? ಇಂಡೊನೇಷ್ಯಾದ 1960ರ ಭೂ ಕಾನೂನು ಅದಕ್ಕೆ ಅಡ್ಡ ನಿಂತಿದೆ. ಡಚ್ಚರ ಕಾಲದಲ್ಲಿ ತೋಟಕ್ಕಾಗಿ ನೆಲ ಕಳೆದುಕೊಂಡ ನೆನಪು ಹಸಿಯಾಗಿದ್ದಾಗ ಬಂದ ಕಾನೂನು ಅದು. ‘ಹಕ್ ಮಿಲಿಕ್’, ಅಂದರೆ ನಾವು ಹೇಳುವ ಪೂರ್ಣ ಒಡೆತನ, ವ್ಯಕ್ತಿಗಳ ಪೈಕಿ ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ. ಪಿತ್ರಾರ್ಜಿತವಾಗಿ ವಿದೇಶಿಯ ಕೈಗೆ ಬಂದರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ವಾಸದ ಪರವಾನಗಿ ಇರುವ ವಿದೇಶಿಯರಿಗೆ ‘ಹಕ್ ಪಾಕಾಯ್’ ಎಂಬ ಬಳಕೆಯ ಹಕ್ಕು ಸಿಗುತ್ತದೆ. ಮೊದಲು 30 ವರ್ಷ, ಮುಂದೆ 20, ಮತ್ತೆ 30. ಆದರೆ ಬಾಲಿಯಲ್ಲಿ ಅಂಥ ಮನೆಗೆ ಸರ್ಕಾರ ಕನಿಷ್ಠ ಬೆಲೆ ಗೊತ್ತುಮಾಡಿದೆ, 500 ಕೋಟಿ ಇಂಡೊನೇಷ್ಯಾ ರೂಪಾಯ. ನಮ್ಮ ದುಡ್ಡಿನಲ್ಲಿ ಎರಡೂವರೆ ಕೋಟಿ ದಾಟುತ್ತದೆ. ನಿವೃತ್ತರ ಗಂಟು ಅಲ್ಲಿಗೆ ಮುಟ್ಟುವುದಿಲ್ಲ.

ದಲ್ಲಾಳಿ ಪಿಸುಮಾತಿಗೆ ಇಳಿಯುವುದು ಇಲ್ಲಿಂದ ಮುಂದೆ. ನಾನು ಗಿರಾಕಿ ಎಂದುಕೊಂಡು ಬಾಲಿಯ ಉಬುದ್‌ನಲ್ಲಿ ಒಬ್ಬಾತ ಒಂದು ಗಂಟೆ ಕೂರಿಸಿಕೊಂಡು ವಿವರಿಸಿದ. ಸ್ಥಳೀಯನೊಬ್ಬನ ಹೆಸರಿಗೆ ಕ್ರಯ ಮಾಡಿಸುವುದು, ಅವನಿಂದ ಸಾಲಪತ್ರ, ಅಧಿಕಾರಪತ್ರ, ಉಯಿಲು ಎಲ್ಲ ಬರೆಸಿಕೊಂಡು ನಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುವುದು. ‘ಎಲ್ಲರೂ ಹೀಗೇ ಮಾಡುವುದು, ಇಬು’ ಎಂದ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇನಾಮಿ ಎಂಬ ಒಂದೇ ಪದ ಸಾಕು. ಅದೇ 1960ರ ಕಾನೂನಿನ 26ನೇ ಕಲಮು ಇದನ್ನು ನೇರವಾಗಿ ಹಿಡಿಯುತ್ತದೆ. ವಿದೇಶಿಗೆ ನೇರವಾಗಿಯೋ ಸುತ್ತುಬಳಸಿಯೋ ಒಡೆತನ ದಾಟಿಸುವ ಯಾವ ವ್ಯವಹಾರವೂ ಅಸಿಂಧು, ನೆಲ ಸರ್ಕಾರಕ್ಕೆ, ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ. ಜೀವಮಾನದ ಉಳಿತಾಯವನ್ನು ಇಂಥ ಕಾಗದದ ಮೇಲೆ ಇಡಬೇಡಿ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಬಹುದೋ ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಗುತ್ತಿಗೆಯಾದರೆ ಕಾನೂನುಬದ್ಧ. ಆದರೆ ಗುತ್ತಿಗೆ ಸಿಕ್ಕಿತೆಂದ ಮಾತ್ರಕ್ಕೆ ಕಟ್ಟಲು ಸಿಕ್ಕಿತೆಂದಲ್ಲ. ನಮ್ಮಲ್ಲಿ ಕೃಷಿ ಜಮೀನಿಗೆ ಭೂ ಪರಿವರ್ತನೆ ಆಗಬೇಕಾದ ಹಾಗೆ ಅಲ್ಲಿಯೂ ಪ್ರತಿ ತುಂಡು ನೆಲಕ್ಕೆ ವಲಯವಿದೆ. ಜತಿಲುವಿಹ್‌ನ ಗದ್ದೆಗಳು ಸಂರಕ್ಷಿತ ಗದ್ದೆ, ಮೇಲಿಂದ ವಿಶ್ವ ಪರಂಪರೆಯ ಮುದ್ರೆ. ಅಲ್ಲಿ ಗದ್ದೆಯ ನಡುವೆ ವಿಲ್ಲಾ ಏಳಲು ದಾರಿಯೇ ಇಲ್ಲ. ಮೊದಲೆಲ್ಲ ಕಣ್ಣು ಮುಚ್ಚಿಕೊಂಡವರಿದ್ದರು, ಈಗ ಕಾಲ ಬಿಗಿಯಾಗಿದೆ. 2025ರ ಜುಲೈನಲ್ಲಿ ದಕ್ಷಿಣದ ಬಿಂಗಿನ್ ಕಡಲತೀರದಲ್ಲಿ 48 ಅಕ್ರಮ ಕಟ್ಟಡಗಳನ್ನು ಸರ್ಕಾರ ಕೆಡವಿಸಿತು. ವರ್ಷಗಟ್ಟಲೆ ನಡೆದಿದ್ದ ಹೋಟೆಲು, ತಂಗುಮನೆಗಳು ಅವು. ಇಷ್ಟು ವರ್ಷದಿಂದ ಇದೆಯಲ್ಲ ಎಂಬ ಮಾತು ಅಲ್ಲಿ ರಕ್ಷಣೆಯಾಗಲಿಲ್ಲ.

ನಮ್ಮ ಕಡೆಯ ಲೆಕ್ಕವನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಭಾರತದ ನಿವಾಸಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಇಂಥ ಉದ್ದೇಶಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆ ಮುಂಗಡ ಹಿಡಿಯುತ್ತದೆ. ಹೊರಗಿನ ಆಸ್ತಿಯನ್ನು ಪ್ರತಿ ವರ್ಷ ಆದಾಯ ತೆರಿಗೆ ವಿವರದಲ್ಲಿ ತೋರಿಸಲೇಬೇಕು. ಬೇರೆಯವರ ಹೆಸರಿನಲ್ಲಿ ಇಟ್ಟದ್ದನ್ನು ಅಲ್ಲಿ ಏನೆಂದು ತೋರಿಸುತ್ತೀರಿ?

ಹಾಗಂತ ಊರಿನವರೆಲ್ಲ ಈ ಬಿಗಿಯನ್ನು ಹರ್ಷದಿಂದ ಒಪ್ಪಿದ್ದಾರೆ ಎಂದುಕೊಳ್ಳಬೇಡಿ. 2025ರ ಡಿಸೆಂಬರ್‌ನಲ್ಲಿ ಬಾಲಿಯ ವಿಧಾನಸಭೆಯ ಒಂದು ಸಮಿತಿ ಜತಿಲುವಿಹ್‌ಗೆ ಬಂದು, ಗದ್ದೆ ವಲಯದಲ್ಲಿದ್ದ ಹತ್ತಕ್ಕೂ ಹೆಚ್ಚು ಊಟದ ಅಂಗಡಿ ಮತ್ತು ತಂಗುಮನೆಗಳಿಗೆ ತಡೆ ಹಾಕಿಸಿತು. ಕೆಲವೇ ದಿನಗಳಲ್ಲಿ ರೈತರು ತಮ್ಮ ಗದ್ದೆಯ ನಡುವೆಯೇ ಸತುವಿನ ತಗಡುಗಳನ್ನು ನೆಟ್ಟರು. ಬಿಸಿಲಿಗೆ ತಗಡು ಹೊಳೆದು, ಪ್ರವಾಸಿಗರು ತೆಗೆಯುವ ಚಿತ್ರವೆಲ್ಲ ಕೆಟ್ಟುಹೋಯಿತು. ಅವರ ಉದ್ದೇಶವೂ ಅದೇ. ಗದ್ದೆ ಕಾಯುವವರು ನಾವು, ಅದನ್ನು ನೋಡಲು ಬಂದವರಿಗೆ ಒಂದು ಎಳನೀರು ಮಾರಲೂ ನಮಗೆ ಹಕ್ಕಿಲ್ಲವೆ ಎಂಬುದು ಅವರ ಸಂಕಟ.

ಆ ತಗಡಿನ ಚಿತ್ರ ನೋಡಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಯಾಕೆಂದರೆ ಆ ಗದ್ದೆಯ ಕೆಲಸ ಎಂಥದೆಂದು ನೋಡಿದ್ದೇನೆ. ಅಲ್ಲಿನ ಹಳೆಯ ಕೆಂಪಕ್ಕಿ ತಳಿ ಎದೆಮಟ್ಟ ಬೆಳೆಯುತ್ತದೆ, ಕೊಯ್ಲಿಗೆ ಐದಾರು ತಿಂಗಳು ಬೇಕು. ಅದನ್ನು ಕುಡುಗೋಲಿನಿಂದ ಸವರುವುದಿಲ್ಲ. ‘ಅನಿ-ಅನಿ’ ಎಂಬ, ಅಂಗೈಯಲ್ಲಿ ಅಡಗುವ ಪುಟ್ಟ ಕತ್ತಿಯಿಂದ ತೆನೆ ತೆನೆಯಾಗಿ ಕೊಯ್ದು ಸಿವುಡು ಕಟ್ಟುತ್ತಾರೆ. ಯಜಮಾನರ ಹೆಂಡತಿ ನನ್ನ ಕೈಗೂ ಒಂದು ಕೊಟ್ಟು ಬೆರಳು ಹೇಗೆ ಇಡಬೇಕೆಂದು ತೋರಿಸಿದರು. ಅವರು ಒಂದು ಸಿವುಡು ಮುಗಿಸುವಷ್ಟರಲ್ಲಿ ನನ್ನದು ಹತ್ತು ಹನ್ನೆರಡು ತೆನೆ ಆಗಿತ್ತು. ಇಷ್ಟು ದುಡಿದು ಬರುವ ಆದಾಯವನ್ನು ಪಕ್ಕದ ಜಿಲ್ಲೆಯಲ್ಲಿ ಗದ್ದೆ ಗುತ್ತಿಗೆ ಕೊಟ್ಟು ಕೂತವನ ಗಂಟಿನ ಪಕ್ಕದಲ್ಲಿಟ್ಟು ನೋಡಿದರೆ ಯಾವ ಮಗ ಗದ್ದೆಗೆ ಇಳಿದಾನು? ಅವರ ಇಬ್ಬರು ಗಂಡುಮಕ್ಕಳೂ ದಕ್ಷಿಣದ ಹೋಟೆಲುಗಳಲ್ಲಿದ್ದಾರೆ. ಹಾಗೆಂದು ತಡೆ ಹಾಕಿದ್ದು ತಪ್ಪು ಎನ್ನಲೂ ನನಗೆ ಮನಸ್ಸು ಬಾರದು. ಚಾಂಗು ಎಂಬ ಕಡಲ ಊರನ್ನು ನೋಡಿದವರಿಗೆ ಗೊತ್ತು. ಎರಡು ದಶಕದ ಹಿಂದೆ ಅಲ್ಲಿ ಗದ್ದೆಯಿತ್ತು. ಗದ್ದೆಯ ನೋಟಕ್ಕೆಂದು ಒಂದು ವಿಲ್ಲಾ ಬಂತು, ಅದರ ನೋಟಕ್ಕೆ ಅಡ್ಡವಾಗಿ ಇನ್ನೊಂದು ಬಂತು. ಈಗ ಅಲ್ಲಿ ಗೋಡೆಗೆ ಗೋಡೆ ತಾಗಿ ನಿಂತಿದೆ. ನಡುವೆ ಸಿಕ್ಕಿಕೊಂಡ ಒಂದೆರಡು ಗದ್ದೆಗೆ ಕಾಲುವೆಯ ನೀರು ಹೋಗಬೇಕೆಂದರೆ ಹತ್ತು ಮನೆಯ ಅಂಗಳ ದಾಟಬೇಕು. ಮೇಲಿನ ನಾಲ್ಕು ಗದ್ದೆ ಕಟ್ಟಡವಾದರೆ ಕೆಳಗಿನ ನಲವತ್ತರ ಪಾಲಿನ ಲೆಕ್ಕ ತಪ್ಪುತ್ತದೆ. ತೆಂಬುಕುವಿನ ಕಚ್ಚು ಕೆತ್ತಿದ್ದು ಎಲ್ಲರೂ ಗದ್ದೆ ಮಾಡುತ್ತಾರೆಂಬ ನಂಬಿಕೆಯಲ್ಲಿ.

ಸರ್ಕಾರ ಮಾಡಬೇಕಿರುವುದು ಬರೀ ತಡೆಯಲ್ಲ ಎಂಬುದು ನನ್ನ ಅಭಿಪ್ರಾಯ. ಊರಿನ ಬಾಗಿಲಲ್ಲಿ ಪ್ರವಾಸಿಗರಿಂದ ಟಿಕೆಟ್ ಹಣ ವಸೂಲಾಗುತ್ತದೆ. ಅದಲ್ಲದೆ 2024ರ ಫೆಬ್ರುವರಿ 14ರಿಂದ ಬಾಲಿಗೆ ಕಾಲಿಡುವ ಪ್ರತಿ ವಿದೇಶಿಯೂ ಒಂದೂವರೆ ಲಕ್ಷ ರೂಪಾಯ, ನಮ್ಮ ಲೆಕ್ಕದಲ್ಲಿ ಎಂಟು ನೂರು ರೂಪಾಯಿ ಆಸುಪಾಸು, ಶುಲ್ಕ ಕಟ್ಟುತ್ತಾನೆ. ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆ ಎಂದೇ ಅದನ್ನು ತೆಗೆದುಕೊಳ್ಳುವುದು. ಬದು ಕಟ್ಟುವ ಕೈಗೆ ಅದರಲ್ಲಿ ಕಣ್ಣಿಗೆ ಕಾಣುವ ಪಾಲು ನೇರವಾಗಿ ತಲುಪಿದರೆ ತಗಡು ನೆಡುವ ಪ್ರಮೇಯ ಬರುತ್ತಿರಲಿಲ್ಲ.

ಎರಡನೇ ಪ್ರಶ್ನೆ, ಸುರಕ್ಷತೆ. ಕಳ್ಳಕಾಕರ ಭಯ ಕೇಳಿದ್ದರೆ ಉತ್ತರ ಸುಲಭ. ಜತಿಲುವಿಹ್‌ನಲ್ಲಿ ಕತ್ತಲಾದ ಮೇಲೂ ಒಬ್ಬಳೇ ನಡೆದಿದ್ದೇನೆ, ಹೆದರಿದ್ದು ನಾಯಿಗಳಿಗೆ ಮಾತ್ರ. ಆ ಹೆದರಿಕೆಗೆ ಅರ್ಥವಿದೆ, 2008ರಿಂದ ಬಾಲಿಯಲ್ಲಿ ರೇಬಿಸ್ ಇದೆ. ಕಚ್ಚಿದರೆ, ಪರಚಿದರೂ ಸರಿ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ಲಸಿಕೆ ಹಾಕಿಸಬೇಕು. ಬಾಡಿಗೆ ಸ್ಕೂಟರ್‌ನಲ್ಲಿ ಆ ಬೆಟ್ಟದ ತಿರುವುಗಳನ್ನು ಇಳಿಯುವುದು ನಾಯಿಗಿಂತ ದೊಡ್ಡ ಅಪಾಯ. ಸರಿಯಾದ ಚಾಲನಾ ಪರವಾನಗಿ ಇಲ್ಲದೆ ಬಿದ್ದರೆ ಪ್ರವಾಸ ವಿಮೆಯೂ ಕೈ ಎತ್ತುತ್ತದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಬೆಟ್ಟ ಇಳಿಯಲೇಬೇಕು. ವಯಸ್ಸಾದ ಮೇಲೆ ಅಲ್ಲಿ ಹೋಗಿ ನೆಲೆಸುವ ಯೋಚನೆ ಇರುವವರು ಈ ಒಂದು ಮಾತನ್ನು ಮನೆಯವರ ಜತೆ ಕೂತು ಆಡಬೇಕು.

ನೆಲ ಅಲುಗುವ ನಾಡು ಅದು. 1976ರ ಜುಲೈನಲ್ಲಿ ಉತ್ತರ ಬಾಲಿಯ ಸೆರಿರಿತ್ ಸುತ್ತ ಭೂಕಂಪವಾಗಿ ಐನೂರಕ್ಕೂ ಹೆಚ್ಚು ಜನ ಸತ್ತರು. 2018ರ ಆಗಸ್ಟ್‌ನಲ್ಲಿ ಪಕ್ಕದ ಲೊಂಬೊಕ್ ದ್ವೀಪದಲ್ಲೂ ಅಷ್ಟೇ ಜೀವ ಹೋಯಿತು. ಪೂರ್ವಕ್ಕಿರುವ ಅಗುಂಗ್ ಅಗ್ನಿಪರ್ವತ 1963ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 2017ರಲ್ಲಿ ಮತ್ತೆ ಎದ್ದಾಗ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು, ನವೆಂಬರ್ ಕೊನೆಯಲ್ಲಿ ವಿಮಾನ ನಿಲ್ದಾಣವೇ ಮುಚ್ಚಿತು. ಜತಿಲುವಿಹ್ ಅಗುಂಗ್‌ನಿಂದ ದೂರ, ಕಡಲಿನಿಂದ ಎತ್ತರ. ಸುನಾಮಿ, ಲಾವಾ ಎರಡೂ ಅದರ ಮುಖ್ಯ ಭಯವಲ್ಲ.

ಅದರ ಭಯ ಮಳೆ. 2024ರ ಮಾರ್ಚ್‌ನಲ್ಲಿ, ಬೆಂಗಳೂರಿನ ಮೊದಲ ವಿಮಾನ ಇಳಿಯುವುದಕ್ಕೆ ಎರಡು ವಾರ ಮುಂಚೆ, ಜತಿಲುವಿಹ್‌ನಲ್ಲಿ ಜೋರು ಮಳೆಗೆ ಗುಡ್ಡ ಜಾರಿ ಒಂದು ಮರದ ವಿಲ್ಲಾ ಕೊಚ್ಚಿಹೋಯಿತು. ಒಳಗಿದ್ದ ಇಬ್ಬರು ವಿದೇಶಿಯರು ಹೊರಬರಲಿಲ್ಲ. ಜಾಹೀರಾತಿನ ಚಿತ್ರದಲ್ಲಿದ್ದಂಥದೇ ಮರದ ಮನೆ. ಮೆಟ್ಟಿಲುಗದ್ದೆ ಇರುವ ಇಳಿಜಾರು ಎಂದರೆ ಸದಾ ನೀರು ಕುಡಿದ ಇಳಿಜಾರು. ಸಾವಿರ ವರ್ಷದಿಂದ ಆ ನೀರನ್ನು ಮಡಿಯಿಂದ ಮಡಿಗೆ ಮೆಲ್ಲಗೆ ಇಳಿಸಿ ಹಳ್ಳಕ್ಕೆ ಬಿಡುವ ವ್ಯವಸ್ಥೆ ಇದೆ. ಬದು ಒಡೆದರೆ ಆ ದಿನವೇ ಕಟ್ಟುತ್ತಾರೆ, ಕಾಲುವೆಯಲ್ಲಿ ಕಸ ಕಟ್ಟಿದರೆ ಎಲ್ಲರೂ ಸೇರಿ ಎತ್ತುತ್ತಾರೆ. ಆ ಇಳಿಜಾರಿನ ಬುಡ ಕಡಿದು ಮಟ್ಟ ಮಾಡಿ ಮನೆ ಕಟ್ಟಿದರೆ, ಮೇಲಿನ ಗದ್ದೆ ಹಡಿಲು ಬಿದ್ದು ಬದು ನೋಡುವವರಿಲ್ಲದಿದ್ದರೆ, ಒಂದು ರಾತ್ರಿಯ ಮಳೆ ಸಾಕು. 2025ರ ಸೆಪ್ಟೆಂಬರ್‌ನಲ್ಲಿ ಬಾಲಿಯ ರಾಜಧಾನಿ ಡೆನ್‌ಪಸಾರ್ ಮತ್ತು ಸುತ್ತಮುತ್ತ ಪ್ರವಾಹ ಬಂದು ಹದಿನೈದಕ್ಕೂ ಹೆಚ್ಚು ಜನ ಸತ್ತಾಗ ಗದ್ದೆಗಳು ಕಟ್ಟಡವಾಗುತ್ತಿರುವ ಬಗ್ಗೆ ಅಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ನೀರು ನಿಲ್ಲುತ್ತಿದ್ದ ಜಾಗವನ್ನು ಕಿತ್ತುಕೊಂಡ ಮೇಲೆ ಅದು ಬೇರೆ ಜಾಗ ಹುಡುಕುತ್ತದೆ.

ಮೂರನೆಯದು ಪ್ರವಾಸೋದ್ಯಮ. ಪ್ರವಾಸಿಗರಿಗೇನೂ ಕೊರತೆಯಿಲ್ಲ. ಸುಮಾರು 44 ಲಕ್ಷ ಜನಸಂಖ್ಯೆಯ ಬಾಲಿಗೆ 2024ರಲ್ಲಿ 63 ಲಕ್ಷ ವಿದೇಶಿಯರು ಬಂದರು. ಆಸ್ಟ್ರೇಲಿಯಾದವರ ನಂತರ ಅತಿ ಹೆಚ್ಚು ಬಂದವರು ಭಾರತೀಯರೇ. ಅದೇ ವರ್ಷ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಜತಿಲುವಿಹ್ ಅನ್ನು ಉತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು. ಆದರೆ ಬರುವವರಲ್ಲಿ ಮುಕ್ಕಾಲುಪಾಲು ಜನ ಹತ್ತೂವರೆಗೆ ಬಂದು ಎರಡೂವರೆಗೆ ಹೋಗುವವರು. ಅವರ ರಾತ್ರಿ, ಅವರ ದುಡ್ಡು ಎರಡೂ ಉಬುದ್‌ನಲ್ಲೋ ಕಡಲ ತೀರದಲ್ಲೋ ಕಳೆಯುತ್ತವೆ. ಹಳ್ಳಿಯ ಮನೆಗಳಲ್ಲಿ ಕೋಣೆ ಬಾಡಿಗೆಗೆ ಕೊಡುವ ‘ಪೊಂಡೊಕ್ ವಿಸಾತಾ’ ಪರವಾನಗಿ ಇಂಡೊನೇಷ್ಯಾದವರಿಗೇ ಮೀಸಲು. ಅದು ಸರಿಯಾದದ್ದು. ದಾವಣಗೆರೆಯ ಓದುಗರು ಅಲ್ಲಿ ವಿಲ್ಲಾ ಮಾಡಿ ಬಾಡಿಗೆಗೆ ಬಿಡಬೇಕೆಂದರೆ ವಿದೇಶಿ ಹೂಡಿಕೆಯ ಕಂಪನಿ ತೆರೆಯಬೇಕು, ಅದರ ಬಂಡವಾಳದ ಲೆಕ್ಕ ಬೇರೆಯೇ ಲೋಕದ್ದು.

ಹಾಗಾದರೆ ಆ ಊರಿಗೆ ಭವಿಷ್ಯವಿಲ್ಲವೆ? ಇದೆ, ಇರಬೇಕು ಎಂಬ ಆಸೆ ನನ್ನದು. ಹಗಲು ಬಂದುಹೋಗುವ ಬಸ್ಸುಗಳಿಗಿಂತ ಎರಡು ರಾತ್ರಿ ಉಳಿಯುವ ನಾಲ್ಕು ಜನ ಆ ಊರಿಗೆ ಹೆಚ್ಚು. ಗದ್ದೆಯಲ್ಲಿ ಕಟ್ಟದೆ, ಊರೊಳಗಿನ ಮನೆಯ ಅಂಗಳದಲ್ಲೇ ಒಂದು ಹೆಚ್ಚುವರಿ ಕೋಣೆ ಎತ್ತಿದರೆ ಬದುವಿಗೂ ಪೆಟ್ಟಿಲ್ಲ, ನೀರಿಗೂ ಅಡ್ಡಿಯಿಲ್ಲ. ಹುರಿದ ಕೆಂಪಕ್ಕಿಯಿಂದ ಅಲ್ಲಿ ಒಂದು ಚಹಾ ಮಾಡುತ್ತಾರೆ, ಹಾಲಿಲ್ಲ, ಸಕ್ಕರೆ ಬೇಕಾದರೆ. ಮೊದಲ ಗುಟುಕಿಗೆ ಸುಟ್ಟ ಹುರಿಯಕ್ಕಿಯ ಘಮ ಮೂಗಿಗೆ ಬರುತ್ತದೆ. ಆ ಅಕ್ಕಿಯನ್ನು ಮನೆಯಿಂದಲೇ ಕಿಲೋ ಲೆಕ್ಕದಲ್ಲಿ ಕೊಂಡರೆ ದಲ್ಲಾಳಿಗೆ ಹೋಗುವುದು ರೈತರಿಗೆ ಉಳಿಯುತ್ತದೆ. ಬಾಲಿಗೆ ಹೋಗುವ ನಮ್ಮವರಿಗೆ ನಾನು ಹೇಳುವುದು ಇಷ್ಟು. ಐದು ದಿನದ ಪ್ರವಾಸದಲ್ಲಿ ಎರಡು ರಾತ್ರಿ ಇಲ್ಲಿಗೆ ತೆಗೆದಿಡಿ. ಮಳೆಗಾಲ ನವೆಂಬರಿನಿಂದ ಮಾರ್ಚ್‌ವರೆಗೆ, ಅದನ್ನು ತಪ್ಪಿಸಿ. ಜೂನ್ ಹೊತ್ತಿಗೆ ಹೋದರೆ ಕೆಂಪಕ್ಕಿಯ ತೆನೆ ಬಾಗಿರುತ್ತದೆ. ಬದುವಿನ ಮೇಲೆ ನಡೆಯುವಾಗ ಎದುರಿಗೆ ರೈತರು ಬಂದರೆ ದಾರಿ ಬಿಡಿ, ಹೊರೆ ಇರುವುದು ಅವರ ತಲೆಯ ಮೇಲೆ.

ದಾವಣಗೆರೆಯವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮ ತಂದೆಯವರದೂ ಭದ್ರಾ ಕಾಲುವೆಯ ಕೊನೆಯಂಚಿನ ಗದ್ದೆ ಮೇಡಂ, ನಮಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ’ ಎಂದರು. ಆಮೇಲೆ ಆ ದಿಮ್ಮಿಯ ಬಗ್ಗೆ ಇನ್ನೊಂದು ಸಲ ಕೇಳಿದರು. ಕಚ್ಚು ಎಷ್ಟಗಲ ಇತ್ತು, ಯಾರೂ ರಾತ್ರಿ ಹೋಗಿ ಕೆತ್ತಿ ಅಗಲ ಮಾಡುವುದಿಲ್ಲವೆ ಎಂದು. ನಾನೂ ಇದೇ ಪ್ರಶ್ನೆಯನ್ನು ಪಾಕ್ ಅವರಿಗೆ ಕೇಳಿದ್ದೆ. ಕೆತ್ತಿದರೆ ಬೆಳಿಗ್ಗೆ ಎಲ್ಲರಿಗೂ ಕಾಣುತ್ತದಲ್ಲ ಎಂದಿದ್ದರು.

ಕೊನೆಯ ರಾತ್ರಿ ಅಲ್ಲಿ ಅಕಾಲದ ಮಳೆ ಬಂತು. ತಗಡಿನ ಮಾಡಿನ ಮೇಲೆ ಸದ್ದು ಎಷ್ಟಿತ್ತೆಂದರೆ ನಿದ್ದೆ ಹತ್ತಲಿಲ್ಲ. ಒಂದೂವರೆಯ ಹೊತ್ತಿಗೆ ಹೊರಗೆ ಬೆಳಕು ಕಂಡು ಎದ್ದು ಬಾಗಿಲ ಬಳಿ ಬಂದೆ. ಪಾಕ್ ಪ್ಲಾಸ್ಟಿಕ್ ಹೊದ್ದು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು, ಹಣೆಗೆ ಟಾರ್ಚು ಕಟ್ಟಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಮಲಗಿ ಇಬು ಎಂದು ಕೈ ಸನ್ನೆ ಮಾಡಿದರು. ನಾನು ಬಾಗಿಲಲ್ಲೇ ನಿಂತೆ. ಅವರ ಟಾರ್ಚಿನ ಬೆಳಕು ಬದುವಿನ ಮೇಲೆ ಸಾಗಿ ಕಾಲುವೆಯ ಕವಲಿನ ಹತ್ತಿರ ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯಿಂದ ಇನ್ನೊಂದು ಬೆಳಕು ಹೊರಟಿತು, ಆಚೆ ದಿಣ್ಣೆಯಿಂದ ಮತ್ತೊಂದು.